ಯೆಪ್ಸೆನ್ ಮನೆಯ ‘ಯೆಪ್’ ಯಾರು? ಒಂದು ಡೇನಿಶ್ ಅಡ್ಡಹೆಸರಿನ ಪ್ರಕರಣ ಅಧ್ಯಯನ

ಅಮೆರಿಕದ ಅಯೊವಾ ರಾಜ್ಯದಲ್ಲಿ ನಾಲ್ಕು ತಲೆಮಾರಿನಿಂದ ನೆಲೆಸಿರುವ ಒಂದು ಕುಟುಂಬದ ಅಡ್ಡಹೆಸರು ಯೆಪ್ಸೆನ್. ಮೂಲ ಡೆನ್ಮಾರ್ಕ್ ಎಂಬುದು ಮನೆಯವರಿಗೆಲ್ಲ ಗೊತ್ತು. ಆದರೆ ಊರು ಯಾವುದು, ಹೆಸರಿನಲ್ಲಿರುವ ಆ ಯೆಪ್ ಯಾರು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹುಡುಕಾಟ ನಡೆಯಿತು, ಒಂದು ಊರು ಸಿಕ್ಕಿತು, ಅದರ ಮೇಲೆ ದೊಡ್ಡದೊಂದು ವಂಶವೃಕ್ಷವೂ ಬೆಳೆಯಿತು. ಕೆಲವು ವರ್ಷಗಳ ನಂತರ ನೋಡಿದರೆ ಆ ವೃಕ್ಷದಲ್ಲಿದ್ದವರೆಲ್ಲ ಬೇರೆ ಯಾರದೋ ಹಿರಿಯರು.

ಕುಟುಂಬದ ಗುರುತು ಸಿಗಬಾರದೆಂದು ಇಲ್ಲಿ ವ್ಯಕ್ತಿಗಳ ಹೆಸರು ಬದಲಿಸಿದೆ, ವರ್ಷಗಳನ್ನು ಸ್ವಲ್ಪ ಹಿಂದೆಮುಂದೆ ಮಾಡಿದೆ, ಪ್ಯಾರಿಷ್‌ಗಳ (ಒಂದೊಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರುಗಳ) ಹೆಸರು ಕೈಬಿಟ್ಟಿದೆ. ತಂದೆಯಿಂದ ಮಗನಿಗೆ ಹೆಸರು ಸಾಗಿದ ಕ್ರಮವನ್ನು ಮಾತ್ರ ಮುಟ್ಟಿಲ್ಲ. ಪ್ರಕರಣದ ಜೀವ ಇರುವುದೇ ಅದರಲ್ಲಿ.

ಹೆಸರಿನೊಳಗೆ ಏನಿದೆ

ಯೆಪ್ಸೆನ್ ಎಂದರೆ ಯೆಪ್‌ನ ಮಗ. ಡೇನಿಶ್‌ನಲ್ಲಿ ಮಗನಿಗೆ ‘ಸೋನ್’ ಎನ್ನುತ್ತಾರೆ. ತಂದೆಯ ಹೆಸರಿಗೆ ಷಷ್ಠಿಯ ‘ಸ್’ ಹತ್ತಿ, ಅದರ ಮುಂದೆ ಸೋನ್ ಸೇರಿ, ಬಾಯಲ್ಲಿ ಸವೆದು ‘ಸೆನ್’ ಆಗಿದೆ. ಮಗಳಾದರೆ ಯೆಪ್ಸ್‌ಡಾಟರ್. ಯೆಪ್ ಎಂಬುದು ಯಾಕೋಬ್ ಹೆಸರಿನ ಮನೆಮಾತಿನ ರೂಪ, ಕನ್ನಡ ಬೈಬಲ್ಲಿನ ಯಾಕೋಬನೇ. ಡೆನ್ಮಾರ್ಕಿನಲ್ಲಿ ಆ ಒಂದು ಹೆಸರು ಯೆಪ್, ಯೆಪ್ಪೆ, ಈಬ್ ಎಂದು ಒಡೆದು ಯೆಪ್ಸೆನ್, ಯೆಪ್ಪೆಸೆನ್, ಇಬ್ಸೆನ್, ಯಾಕೋಬ್ಸೆನ್ ಎಂಬ ಅಡ್ಡಹೆಸರುಗಳನ್ನು ಕೊಟ್ಟಿದೆ. ನಾಟಕಕಾರ ಹೆನ್ರಿಕ್ ಇಬ್ಸೆನ್ ನಾರ್ವೆಯವರು, ಆದರೆ ಅವರ ಅಡ್ಡಹೆಸರಿನ ಒಳಗಿರುವವನೂ ಈ ಯಾಕೋಬನೇ. ಹೀಗೆಯೇ ಯೋಹಾನ ಯೆನ್ಸ್, ಹಾನ್ಸ್, ಯೆಸ್ ಆಗಿದ್ದಾನೆ. ನಿಕೋಲಾಸ್ ಎಂಬುದು ನೀಲ್ಸ್ ಆಗಿದೆ, ಡೆನ್ಮಾರ್ಕಿನ ಪರ್ಯಾಯದ್ವೀಪವಾದ ಯುಟ್ಲೆಂಡಿನ ದಕ್ಷಿಣದಲ್ಲಿ ನಿಸ್.

ಅಡ್ಡಹೆಸರಿನ ಅರ್ಥ ಹೇಳುವ ಸಿದ್ಧ ಪಟ್ಟಿಗಳಲ್ಲಿ ಇಂಗ್ಲೆಂಡಿನ ‘ಜೆಪ್ಸನ್’ ಜೊತೆ ಇದನ್ನು ಕಲಸಿಬಿಟ್ಟಿರುವುದುಂಟು. ಅದು ಜೆಫ್ರಿ ಎಂಬ ಹೆಸರಿನಿಂದ ಬಂದದ್ದು, ಯಾಕೋಬನಿಗೂ ಅದಕ್ಕೂ ಸಂಬಂಧವಿಲ್ಲ. ಅಮೆರಿಕದಲ್ಲಿ ಎರಡನೇ ತಲೆಮಾರಿಗೇ ‘ಸೆನ್’ ಹೋಗಿ ‘ಸನ್’ ಆದ ಮನೆಗಳು ಬಹಳ. ಹಾಗಾಗಿ ಈ ಗೊಂದಲ ಎದುರಾಗುತ್ತಲೇ ಇರುತ್ತದೆ.

ಇಂಥ ಹೆಸರು ಒಂದು ಕುಲವನ್ನು ಸೂಚಿಸುವುದಿಲ್ಲ. ಡೆನ್ಮಾರ್ಕಿನಲ್ಲಿ ಇವತ್ತಿಗೂ ಅತಿ ಹೆಚ್ಚು ಬಳಕೆಯಲ್ಲಿರುವ ಹತ್ತು ಅಡ್ಡಹೆಸರುಗಳೂ ಸೆನ್‌ನಲ್ಲೇ ಮುಗಿಯುತ್ತವೆ. ಒಂದೊಂದು ಪ್ಯಾರಿಷ್‌ನಲ್ಲೂ ಯೆಪ್ ಹೆಸರಿನವರು ಐದಾರು ಜನ ಇದ್ದರೆ, ಒಬ್ಬರಿಗೊಬ್ಬರು ಏನೂ ಆಗದ ಐದಾರು ಯೆಪ್ಸೆನ್ ಮನೆಗಳು ಹುಟ್ಟುತ್ತವೆ. ಹೆಸರಿನ ಹಿಂದೆ ಅಪ್ಪನ ಹೆಸರಿನ ಮೊದಲಕ್ಷರ ಇಟ್ಟುಕೊಂಡು ಬಂದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಪ್ಪನ ಹೆಸರು ಪಾಸ್‌ಪೋರ್ಟಿನ ಸರ್‌ನೇಮ್ ಕಾಲಂಗೆ ಹೋಗಿ ಕೂತು, ಅಲ್ಲಿಂದ ಮೊಮ್ಮಕ್ಕಳಿಗೂ ದಾಟಿದ ಮನೆಗಳು ನಮ್ಮಲ್ಲೂ ಇವೆ. ಡೇನಿಶ್ ಹೆಸರುಗಳಿಗೆ ಆದದ್ದೂ ಅದೇ, ಆದರೆ ಎಲ್ಲ ಕಡೆ ಒಂದೇ ಕಾಲಕ್ಕೆ ಆಗಲಿಲ್ಲ. ಈ ಪ್ರಕರಣ ಕಗ್ಗಂಟಾದದ್ದು ಅದರಿಂದಲೇ.

ಮೊದಲ ಹುಡುಕಾಟ ದಾರಿ ತಪ್ಪಿದ್ದು

ವಲಸೆ ಬಂದವನ ಹೆಸರು ಪೇಡರ್ ಯೆಪ್ಸೆನ್, ಅಮೆರಿಕದಲ್ಲಿ ಪೀಟರ್. 1900ರ ಅಮೆರಿಕನ್ ಜನಗಣತಿಯಲ್ಲಿ ಹುಟ್ಟಿದ ತಿಂಗಳು, ವರ್ಷ ಎರಡನ್ನೂ ಬರೆಯುತ್ತಿದ್ದರು. ಇವನದು ಮೇ 1861, ದೇಶಕ್ಕೆ ಬಂದದ್ದು 1882. ಕುಟುಂಬದ ಲೆಕ್ಕಾಚಾರ ಸರಳವಾಗಿತ್ತು: ಪೇಡರ್ ಯೆಪ್ಸೆನ್ ಅಂದಮೇಲೆ ಅಪ್ಪ ಯೆಪ್. ಡೆನ್ಮಾರ್ಕಿನಿಂದ ಬಂದವನಾದ್ದರಿಂದ ಕೋಪನ್‌ಹೇಗನ್ ಪೊಲೀಸರ ವಲಸೆ ದಫ್ತರದಲ್ಲಿ ಇರಲೇಬೇಕು. 1869ರಿಂದ 1940ರವರೆಗಿನ ಆ ದಫ್ತರಗಳಲ್ಲಿ ವಲಸಿಗನ ಹೆಸರು, ಕಸುಬು, ವಯಸ್ಸು, ಕೊನೆಗೆ ವಾಸವಿದ್ದ ಊರು, ಹೋಗುವ ಜಾಗ ಎಲ್ಲ ಇರುತ್ತವೆ. 1882ರಲ್ಲಿ ಅಯೊವಾಕ್ಕೆ ಹೊರಟ, 21 ವರ್ಷದ ಪೇಡರ್ ಯೆಪ್ಪೆಸೆನ್ ಒಬ್ಬ ಸಿಕ್ಕಿಯೂ ಬಿಟ್ಟ. ಊರು ಫ್ಯೂನ್ ದ್ವೀಪದ್ದು. ಅಲ್ಲಿನ ಚರ್ಚ್ ದಫ್ತರದಲ್ಲಿ ಅವನ ಅಪ್ಪ ಯೆಪ್ಪೆ ಹಾನ್ಸೆನ್. ಅಪ್ಪನ ಹೆಸರೂ ಹೊಂದಿತು, ವೃಕ್ಷ ಬೆಳೆಯತೊಡಗಿತು.

ಹೊಂದದೆ ಇದ್ದ ಸಂಗತಿಗಳೂ ಇದ್ದವು. ಫ್ಯೂನಿನ ಹುಡುಗ ಹುಟ್ಟಿದ್ದು ಸೆಪ್ಟೆಂಬರ್‌ನಲ್ಲಿ. 1900ರ ಗಣತಿಯಲ್ಲಿ ಪೀಟರ್ ಹುಟ್ಟಿದ ದೇಶ ಜರ್ಮನಿ ಎಂದಿತ್ತು. ಕುಟುಂಬದವರು ಎರಡನ್ನೂ ‘ಗುಮಾಸ್ತನ ತಪ್ಪು’ ಎಂದು ಬದಿಗಿಟ್ಟರು, ಏಕೆಂದರೆ 1930ರ ಗಣತಿಯಲ್ಲಿ ಡೆನ್ಮಾರ್ಕ್ ಎಂದೇ ಬರೆದಿತ್ತು. ಇಂಥ ಕೆಲಸದಲ್ಲಿ ಗುಮಾಸ್ತ ತಪ್ಪು ಮಾಡುವುದು ಸಾಮಾನ್ಯ. ಆದರೆ ಒಬ್ಬನೇ ವ್ಯಕ್ತಿಯ ಬಗ್ಗೆ ಎರಡು ಕಡೆ ಗುಮಾಸ್ತನನ್ನೇ ದೂರಬೇಕಾಗಿ ಬಂದರೆ, ತಪ್ಪು ವ್ಯಕ್ತಿಯನ್ನು ಹಿಡಿದಿರುವ ಸಾಧ್ಯತೆಯೇ ಹೆಚ್ಚು.

ತಿರುವು ಬಂದದ್ದು ಡಿಎನ್‌ಎ ಪರೀಕ್ಷೆಯಿಂದ. ಕುಟುಂಬದ ಒಬ್ಬ ಗಂಡಸು ವೈ ಕ್ರೋಮೋಸೋಮಿನ 37 ಗುರುತುಗಳ ಪರೀಕ್ಷೆ ಮಾಡಿಸಿದಾಗ, ಯುಟ್ಲೆಂಡಿನ ಒಬ್ಬರ ಜೊತೆ 36 ಹೊಂದಿದವು. ಅಪ್ಪನಿಂದ ಮಗನಿಗೆ ಮಾತ್ರ ಹೋಗುವ ಕ್ರೋಮೋಸೋಮ್ ಅದು. ಆದರೆ ಆ ಮನುಷ್ಯನ ಅಡ್ಡಹೆಸರು ಹಾನ್ಸೆನ್. ‘ಹೆಸರೇ ಬೇರೆ, ನಮ್ಮವರಲ್ಲ’ ಎಂದು ಕುಟುಂಬ ಅದನ್ನೂ ಬದಿಗಿಟ್ಟಿತ್ತು. ಅಡ್ಡಹೆಸರು ಪ್ರತಿ ತಲೆಮಾರಿನಲ್ಲೂ ತಂದೆಯ ಹೆಸರಿನಂತೆ ಬದಲಾಗುತ್ತಿದ್ದ ನಾಡಿನಲ್ಲಿ ಈ ವಾದ ನಿಲ್ಲುವುದಿಲ್ಲ. ಒಂದೇ ಗಂಡು ಸಂತತಿಯ ಎರಡು ಕವಲಿಗೆ ಎರಡು ಅಡ್ಡಹೆಸರು ಇರುವುದೇ ಅಲ್ಲಿ ಸಹಜ. ವಂಶಾವಳಿ ಕೆಲಸ ಬಲ್ಲವರ ಕೈಗೆ ಪ್ರಕರಣ ಬಂದದ್ದು ಈ ಹಂತದಲ್ಲಿ.

ಮೊದಲು ಫ್ಯೂನಿನವನನ್ನು ವಿಚಾರಿಸಿದ್ದು

ಹೊಸಬರನ್ನು ಹುಡುಕುವ ಮುಂಚೆ ಹಳೆಯ ಅಭ್ಯರ್ಥಿಯ ಕಥೆ ಮುಗಿಸಬೇಕು, ಇಲ್ಲದಿದ್ದರೆ ಅವನು ಮತ್ತೆ ಮತ್ತೆ ಎದ್ದು ಬರುತ್ತಾನೆ. ಫ್ಯೂನಿನ ಪೇಡರ್ ಯೆಪ್ಪೆಸೆನ್ ಅಯೊವಾಕ್ಕೆ ಟಿಕೆಟ್ ತೆಗೆದವನು, ಆದರೆ 1900ರ ಹೊತ್ತಿಗೆ ವಿಸ್ಕಾನ್ಸಿನ್‌ನಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದ. ಹುಟ್ಟಿದ ತಿಂಗಳು ಸೆಪ್ಟೆಂಬರ್. ಅದೇ ಗಣತಿಯಲ್ಲಿ ನಮ್ಮ ಪೀಟರ್ ಅಯೊವಾದಲ್ಲಿದ್ದ. ಒಬ್ಬನೇ ಮನುಷ್ಯ ಎರಡು ರಾಜ್ಯಗಳಲ್ಲಿ ಎರಡು ಸಂಸಾರ ನಡೆಸುತ್ತಿರಲಿಲ್ಲ ಎಂದುಕೊಂಡರೆ, ಫ್ಯೂನಿನ ವೃಕ್ಷ ಅಲ್ಲಿಗೆ ಬಿತ್ತು.

ಆಮೇಲೆ ‘ಜರ್ಮನಿ’ ಎಂಬ ಮಾತನ್ನು ತಪ್ಪೆನ್ನದೆ ನಂಬಿ ನೋಡಲಾಯಿತು. 1910ರ ಗಣತಿಯಲ್ಲಿ ಹೊರದೇಶದಲ್ಲಿ ಹುಟ್ಟಿದವರ ಮಾತೃಭಾಷೆಯನ್ನೂ ಬರೆದಿದ್ದಾರೆ. ಪೀಟರನ ಮುಂದೆ ಹುಟ್ಟಿದ್ದು ಜರ್ಮನಿ, ಭಾಷೆ ಡೇನಿಶ್ ಎಂದಿತ್ತು. ಪೌರತ್ವದ ಅರ್ಜಿಯಲ್ಲಿ ಅವನು ನಿಷ್ಠೆ ಕಳಚಿಕೊಂಡದ್ದು ಡೆನ್ಮಾರ್ಕಿನ ರಾಜನಿಂದಲ್ಲ, ಜರ್ಮನ್ ಚಕ್ರವರ್ತಿಯಿಂದ. ಈ ಎರಡು ಸಾಲು ಜೊತೆಗಿಟ್ಟರೆ ಉಳಿಯುವ ಜಾಗ ಸ್ಲೆಸ್ವಿಗ್‌ನ ಉತ್ತರ ಭಾಗ. ಡೇನಿಶ್ ರಾಜನ ಕೈಯಲ್ಲಿದ್ದ ಆ ಡಚಿ (ಡ್ಯೂಕನ ಸಂಸ್ಥಾನ) 1864ರ ಯುದ್ಧದಲ್ಲಿ ಕೈತಪ್ಪಿ ಜರ್ಮನ್ ರಾಜ್ಯವಾದ ಪ್ರಶ್ಯದ ಪಾಲಾಯಿತು. ಉತ್ತರ ಭಾಗ ಜನಮತದ ಮೂಲಕ ಡೆನ್ಮಾರ್ಕಿಗೆ ಮರಳಿದ್ದು 1920ರಲ್ಲಿ. 1900ರಲ್ಲಿ ಜರ್ಮನಿ, 1930ರಲ್ಲಿ ಡೆನ್ಮಾರ್ಕ್: ಊರು ಕದಲಿರಲಿಲ್ಲ, ಗಡಿ ಕದಲಿತ್ತು. ಗುಮಾಸ್ತರು ಇಬ್ಬರೂ ಸರಿಯಾಗಿಯೇ ಬರೆದಿದ್ದರು.

ಅಲ್ಲಿಂದ ಹೊರಟ ಹುಡುಗರು, ಅದರಲ್ಲೂ ಪ್ರಶ್ಯನ್ ಸೈನ್ಯದ ಕಡ್ಡಾಯ ಸೇವೆ ತಪ್ಪಿಸಿಕೊಂಡು ಹೋದವರು, ಹೆಚ್ಚಾಗಿ ಹ್ಯಾಂಬರ್ಗ್ ಬಂದರಿನಿಂದ ಹಡಗು ಹತ್ತಿದರು. ಅವರನ್ನು ಕೋಪನ್‌ಹೇಗನ್ ದಫ್ತರದಲ್ಲಿ ಹುಡುಕಿ ಪ್ರಯೋಜನವಿಲ್ಲ. 1850ರಿಂದ 1934ರವರೆಗಿನ ಹ್ಯಾಂಬರ್ಗ್ ಪ್ರಯಾಣಿಕರ ಪಟ್ಟಿಯಲ್ಲಿ ‘ಯೆಬ್ಸೆನ್, ಪೇಟರ್’ ಎಂದು ಬ ಅಕ್ಷರದ ಕಾಗುಣಿತದಲ್ಲಿ ಅವನು ಸಿಕ್ಕ. ಊರಿನ ಕಾಲಂನಲ್ಲಿ ಟೋನ್ಡರ್ನ್, ಅಂದರೆ ಟೋನ್ಡರ್ ಪಟ್ಟಣದ ಜರ್ಮನ್ ರೂಪ. ಈ ಕಾಲಂನಲ್ಲಿ ಜನ ಹತ್ತಿರದ ಪೇಟೆಯ ಹೆಸರು ಹೇಳುವುದು ಹೆಚ್ಚು, ಹಾಗಾಗಿ ಇದನ್ನು ಹುಟ್ಟೂರು ಎಂದು ಹಿಡಿಯಬಾರದು. ನಿಜವಾದ ಪ್ಯಾರಿಷ್ ತಿಳಿದದ್ದು ಅಯೊವಾದ ಡೇನಿಶ್ ಲೂಥರನ್ ಸಭೆಯ ಮದುವೆ ದಫ್ತರದಿಂದ. ಡೇನಿಶ್ ಪಾದ್ರಿಗಳು ಅಮೆರಿಕದಲ್ಲೂ ವಧುವರರ ಹುಟ್ಟಿದ ಪ್ಯಾರಿಷ್ ಬರೆಯುವ ರೂಢಿ ಉಳಿಸಿಕೊಂಡಿದ್ದರು. ಡೆನ್ಮಾರ್ಕಿನ ದಾಖಲೆಗೆ ಕೈಹಾಕುವ ಮುನ್ನ ಅಮೆರಿಕದ ಚರ್ಚ್ ದಾಖಲೆ ಮುಗಿಸಬೇಕು ಎನ್ನುವುದು ಇದಕ್ಕೇ. ಅಲ್ಲಿ ಪ್ಯಾರಿಷ್ ಗೊತ್ತಿಲ್ಲದೆ ಒಂದು ಪುಟವನ್ನೂ ತೆರೆಯಲಾಗುವುದಿಲ್ಲ.

ಅಪ್ಪನ ಹೆಸರು ಯೆಪ್ ಅಲ್ಲ

ಡೇನಿಶ್ ರಾಷ್ಟ್ರೀಯ ದಫ್ತರಖಾನೆ ರಿಗ್ಸಾರ್ಕಿವೆಟ್ ಚರ್ಚ್ ದಫ್ತರಗಳ ಪುಟಗಳನ್ನೆಲ್ಲ ಉಚಿತವಾಗಿ ಆನ್‌ಲೈನ್‌ನಲ್ಲಿ ಇಟ್ಟಿದೆ. ಆ ಪ್ಯಾರಿಷ್‌ನ ದಫ್ತರದಲ್ಲಿ ಮೇ 1861ರಲ್ಲಿ ಪೇಡರ್ ಎಂಬ ಮಗುವಿನ ದೀಕ್ಷಾಸ್ನಾನ ಇತ್ತು. ತಂದೆ ನಿಸ್ ಯೆಪ್ಸೆನ್.

ಕುಟುಂಬದವರು ಇದನ್ನು ಒಪ್ಪಲಿಲ್ಲ. ಅಪ್ಪ ನಿಸ್ ಆದರೆ ಮಗ ನಿಸ್ಸೆನ್ ಆಗಬೇಕಲ್ಲ? ಪ್ರಶ್ನೆ ಸರಿಯಾದದ್ದೇ. ಉತ್ತರ ಕಾನೂನಿನಲ್ಲಿದೆ. ಡೆನ್ಮಾರ್ಕ್ ರಾಜ್ಯದಲ್ಲಿ ದೀಕ್ಷಾಸ್ನಾನದ ವೇಳೆಗೇ ಮಗುವಿಗೆ ಕುಟುಂಬದ ಹೆಸರನ್ನೂ ಇಡಬೇಕೆಂಬ ಆಜ್ಞೆ ಬಂದದ್ದು 1828ರಲ್ಲಿ. ಸ್ಲೆಸ್ವಿಗ್ ಡಚಿಯಲ್ಲಿ ಅಂಥದೇ ಆಜ್ಞೆ 1771ರಲ್ಲೇ, ಮಂತ್ರಿ ಸ್ಟ್ರುಯೆನ್ಸೆ ಅಧಿಕಾರ ನಡೆಸುತ್ತಿದ್ದ ಕಾಲದಲ್ಲಿ, ಹೊರಟಿತ್ತು. ಎರಡನ್ನೂ ಹಳ್ಳಿಗರು ತಕ್ಷಣ ಪಾಲಿಸಲಿಲ್ಲ, ದಶಕಗಟ್ಟಲೆ ಎಳೆದಾಡಿದರು. ಆದರೂ ಒಟ್ಟಾರೆ ನೋಡಿದರೆ ಸ್ಲೆಸ್ವಿಗ್‌ನವರ ಅಡ್ಡಹೆಸರು ರಾಜ್ಯದವರ ಅಡ್ಡಹೆಸರಿಗಿಂತ ಒಂದೆರಡು ತಲೆಮಾರು ಮುಂಚೆ ಬದಲಾಗುವುದು ನಿಂತು ಗಟ್ಟಿಯಾಯಿತು. ಹಾಗಾದರೆ 1861ರ ಪೇಡರ್‌ನ ‘ಯೆಪ್’ ಅವನ ಅಪ್ಪನಾಗಿರಬೇಕಿಲ್ಲ, ಅಜ್ಜನೂ ಆಗಿರಬೇಕಿಲ್ಲ.

ಇದನ್ನು ಊಹೆಗೆ ಬಿಡದೆ ಪರೀಕ್ಷಿಸುವ ವಿಧಾನ ಒಂದಿದೆ. ಪ್ರತಿ ತಲೆಮಾರಿಗೂ ಮೂರು ಕಾಲಂ ಎಳೆಯಬೇಕು: ಮಗ ದೊಡ್ಡವನಾದ ಮೇಲೆ ಬಳಸಿದ ಅಡ್ಡಹೆಸರು, ಅಪ್ಪನ ಸ್ವಂತ ಹೆಸರು, ಅಪ್ಪನ ಅಡ್ಡಹೆಸರು. ಮಗನ ಅಡ್ಡಹೆಸರು ಅಪ್ಪನ ಸ್ವಂತ ಹೆಸರಿಗೆ ಹೊಂದಿದರೆ ಪದ್ಧತಿ ಇನ್ನೂ ಜೀವಂತ. ಅಪ್ಪನ ಅಡ್ಡಹೆಸರಿಗೆ ಹೊಂದಿದರೆ ಹೆಸರು ಗಟ್ಟಿಯಾಗಿದೆ. ಅಪ್ಪನೇ ಪೇಡರ್ ಪೇಡರ್ಸೆನ್ ಆಗಿದ್ದರೆ ಆ ಸಾಲಿನಿಂದ ಏನೂ ತಿಳಿಯುವುದಿಲ್ಲ, ಪಕ್ಕದ ತಲೆಮಾರು ನೋಡಬೇಕು. ಹಳೆಯ ದೀಕ್ಷಾಸ್ನಾನದ ದಾಖಲೆಯಲ್ಲಿ ಮಗುವಿಗೆ ಬರೀ ಸ್ವಂತ ಹೆಸರಿರುತ್ತದೆ, ಆದ್ದರಿಂದ ಮೊದಲ ಕಾಲಂ ತುಂಬಲು ದೃಢೀಕರಣ (ಹರೆಯದಲ್ಲಿ ಚರ್ಚಿನಲ್ಲಿ ನಡೆಯುವ ಕನ್ಫರ್ಮೇಶನ್ ವಿಧಿ), ಮದುವೆ, ಜನಗಣತಿ ದಾಖಲೆಗಳೇ ಬೇಕು. ದೀಕ್ಷಾಸ್ನಾನದ ಪುಟ ನೋಡಿ ಅಡ್ಡಹೆಸರನ್ನು ತಾವೇ ಕಟ್ಟಿ ಬರೆದುಕೊಳ್ಳುವವರು ಎಡವುವುದು ಇಲ್ಲೇ. ಹೆಣ್ಣುಮಕ್ಕಳ ಸಾಲನ್ನು ಬಿಡಬಾರದು. ‘ಡಾಟರ್’ ಹೋಗಿ ಮಗಳಿಗೂ ‘ಸೆನ್’ ಬಂದ ಜಾಗ ಹೆಸರು ಗಟ್ಟಿಯಾದುದರ ಒಳ್ಳೆಯ ಸುಳಿವು. ಮದುವೆಯಾದರೂ ಡೇನಿಶ್ ಹೆಂಗಸರ ಹೆಸರು ದಾಖಲೆಗಳಲ್ಲಿ ತವರಿನದೇ ಆಗಿರುತ್ತಿತ್ತು, ಹಾಗಾಗಿ ಇದನ್ನು ನೋಡುವುದು ಕಷ್ಟವಲ್ಲ.

ಹೀಗೆ ಹಿಂದಕ್ಕೆ ಹೋದಾಗ ನಿಸ್ ಯೆಪ್ಸೆನ್ ಹುಟ್ಟಿದ್ದು 1826ರಲ್ಲಿ. ಅವನು ಸತ್ತದ್ದು ಪ್ರಶ್ಯದ ಆಡಳಿತ 1874ರ ಅಕ್ಟೋಬರ್ 1ರಿಂದ ಜಾರಿ ಮಾಡಿದ ಸಿವಿಲ್ ನೋಂದಣಿ ನಡೆಯುತ್ತಿದ್ದಾಗ. ಆ ಮರಣ ದಾಖಲೆಯಲ್ಲಿ ತಂದೆತಾಯಿಯ ಹೆಸರೂ ಇದೆ: ತಂದೆ ಪೇಡರ್ ಯೆಪ್ಸೆನ್. ಈ ಅಜ್ಜ ಪೇಡರ್ 1795ರವನು, ಅವನ ಅಪ್ಪ ಮತ್ತೆ ನಿಸ್ ಯೆಪ್ಸೆನ್, 1762ರವನು. ಪೇಡರ್, ನಿಸ್, ಪೇಡರ್, ನಿಸ್ ಎಂದು ಹೆಸರು ಮರುಕಳಿಸುವುದು ಕಾಕತಾಳೀಯವಲ್ಲ. ಹಿರಿಮಗನಿಗೆ ಅಪ್ಪನ ಅಪ್ಪನ ಹೆಸರಿಡುವುದು ಅಲ್ಲಿನ ವಾಡಿಕೆ.

1762ರ ನಿಸ್‌ನ ದೀಕ್ಷಾಸ್ನಾನದ ಸಾಲು ಗಾಥಿಕ್ ಕೈಬರಹದಲ್ಲಿ ಮೂರೇ ಗೆರೆ. ತಾರೀಕಿನ ಬದಲು ‘ತ್ರಿನಿಟಿಯ ನಂತರದ 5ನೇ ಭಾನುವಾರ’ ಎಂದಿದೆ. ಆ ವರ್ಷ ಈಸ್ಟರ್ ಬಿದ್ದದ್ದು ಏಪ್ರಿಲ್ 11ಕ್ಕೆ, ತ್ರಿನಿಟಿ ಭಾನುವಾರ ಅದಕ್ಕೆ ಎಂಟು ವಾರದ ನಂತರ ಜೂನ್ 6ಕ್ಕೆ, ಹಾಗಾಗಿ 5ನೇ ಭಾನುವಾರ ಜುಲೈ 11. ಈ ಲೆಕ್ಕವನ್ನು ಪ್ರತಿ ಸಲ ಆಯಾ ವರ್ಷದ ಈಸ್ಟರ್ ಹಿಡಿದೇ ಮಾಡಬೇಕು. ಆ ಸಾಲಿನಲ್ಲಿ ತಂದೆಯ ಹೆಸರು ಯೆಪ್ ಪೇಡರ್ಸೆನ್. ಹುಡುಕುತ್ತಿದ್ದ ಯೆಪ್ ಇವನು, ವಲಸೆ ಹೋದವನ ಮುತ್ತಜ್ಜನ ಅಪ್ಪ.

ಎರಡು ಗಣತಿ, ಇಬ್ಬರು ಅಣ್ಣತಮ್ಮಂದಿರು

ಹಾನ್ಸೆನ್ ಮಾತ್ರ ಇನ್ನೂ ಬಾಕಿ ಇದ್ದ. ಯೆಪ್ ಪೇಡರ್ಸೆನ್‌ನ ಮರಣ ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ 1788ರಲ್ಲಿ ‘ಯಾಕೋಬ್ ಪೇಟರ್ಸೆನ್, 58 ವರ್ಷ’ ಎಂದು ಸಿಕ್ಕಿತು. ಊರು, ಹೊಲಮನೆ, ಹೆಂಡತಿಯ ಹೆಸರು ಹೊಂದಿದ್ದರಿಂದ ಅವನೇ ಎಂದು ಖಾತ್ರಿಯಾಯಿತು. ಓದಿದ ಪಾದ್ರಿ ಮನೆಮಾತಿನ ಯೆಪ್‌ನನ್ನು ಪುಸ್ತಕದ ಯಾಕೋಬ್ ಮಾಡಿದ್ದ. ಸತ್ತ ಮೇಲೆ ಆಸ್ತಿ ಹಂಚಿದ ದಾಖಲೆಗೆ ಡೇನಿಶ್‌ನಲ್ಲಿ ‘ಸ್ಕಿಫ್ಟೆ’ ಎನ್ನುತ್ತಾರೆ. ವಾರಸುದಾರರನ್ನೆಲ್ಲ ವಯಸ್ಸಿನೊಂದಿಗೆ ಪಟ್ಟಿ ಮಾಡುವುದರಿಂದ ಒಂದು ಮನೆಯನ್ನು ಪೂರ್ತಿ ಜೋಡಿಸಿಡಲು ಇದಕ್ಕಿಂತ ಒಳ್ಳೆಯ ಕಾಗದ ಇಲ್ಲ. ಅದರಲ್ಲಿ ಮೂರು ಮಕ್ಕಳು: ನಿಸ್ ಯೆಪ್ಸೆನ್ 26, ಹಾನ್ಸ್ ಯೆಪ್ಸೆನ್ 23, ಮಾರೆನ್ ಯೆಪ್ಸ್‌ಡಾಟರ್ 19. ತಮ್ಮ ಹಾನ್ಸ್ ಪಶ್ಚಿಮಕ್ಕಿರುವ ಪಕ್ಕದ ಪ್ಯಾರಿಷ್‌ನಲ್ಲಿ ನೆಲೆಸಿದ್ದ.

ಆ ಪಕ್ಕದ ಪ್ಯಾರಿಷ್ ಸ್ಲೆಸ್ವಿಗ್ ಡಚಿಗೆ ಸೇರಿದ್ದಲ್ಲ. ಸ್ಲೆಸ್ವಿಗ್‌ನ ಪಶ್ಚಿಮ ಕರಾವಳಿಯಲ್ಲಿ ಮೋಗೆಲ್‌ಟೋನ್ಡರ್, ರೋಮೋ ದ್ವೀಪದ ದಕ್ಷಿಣ ಭಾಗ ಮುಂತಾದ ತುಂಡು ಪ್ರದೇಶಗಳು ಡಚಿಯ ನಡುವೆ ಇದ್ದರೂ ನೇರ ಡೆನ್ಮಾರ್ಕ್ ರಾಜ್ಯದ ಕಾನೂನಿಗೆ ಒಳಪಟ್ಟಿದ್ದವು. 1864ರಲ್ಲಿ ಇವನ್ನು ಬಿಟ್ಟುಕೊಟ್ಟು, ಬದಲಿಗೆ ಎರೋ ದ್ವೀಪ, ರೀಬೆ ಸುತ್ತಲಿನ ಜಾಗ, ಕೋಲ್ಡಿಂಗ್ ಬಳಿಯ ಕೆಲವು ಪ್ಯಾರಿಷ್‌ಗಳನ್ನು ಡೆನ್ಮಾರ್ಕ್ ಉಳಿಸಿಕೊಂಡಿತು. ನಕ್ಷೆಯಲ್ಲಿ ಇವು ಸ್ಲೆಸ್ವಿಗ್‌ನಂತೆಯೇ ಕಾಣುತ್ತವೆ. ಆದರೆ 1771ರ ಆಜ್ಞೆ ಇಲ್ಲಿಗೆ ಅನ್ವಯಿಸಲಿಲ್ಲ, ಜನಗಣತಿಯೂ ಬೇರೆ. ರಾಜ್ಯದಲ್ಲಿ ಗಣತಿ ನಡೆದದ್ದು 1787, 1801, 1834ರಲ್ಲಿ. ಡಚಿಯಲ್ಲಿ 1803, 1835ರಲ್ಲಿ. ಸ್ಲೆಸ್ವಿಗ್‌ನವರನ್ನು 1801ರಲ್ಲಿ ಹುಡುಕಿ ‘ದಾಖಲೆ ಕಳೆದುಹೋಗಿದೆ’ ಎಂದು ಕೈಚೆಲ್ಲುವವರು ಬಹಳ ಜನ.

ಎರಡೂ ಗಣತಿ ಪಕ್ಕಪಕ್ಕ ಇಟ್ಟಾಗ ಚಿತ್ರ ತಿಳಿಯಾಯಿತು. 1803ರಲ್ಲಿ ಡಚಿಯ ಕಡೆ ಅಣ್ಣನ ಮನೆ: ನಿಸ್ ಯೆಪ್ಸೆನ್ 41, ಹೆಂಡತಿ, ಮಕ್ಕಳು ಯೆಪ್ ಯೆಪ್ಸೆನ್ 12, ಪೇಡರ್ ಯೆಪ್ಸೆನ್ 8, ಒಬ್ಬಳು ಮಗಳು. 1801ರಲ್ಲಿ ರಾಜ್ಯದ ಕಡೆ ತಮ್ಮನ ಮನೆ: ಹಾನ್ಸ್ ಯೆಪ್ಸೆನ್ 36, ಹೆಂಡತಿ, ಮಕ್ಕಳು ಯೆಪ್ ಹಾನ್ಸೆನ್ 8, ಆಂಡರ್ಸ್ ಹಾನ್ಸೆನ್ 3. ವಯಸ್ಸೆಲ್ಲ ನಡೆಯುತ್ತಿರುವ ವರ್ಷದ ಲೆಕ್ಕ, ತುಂಬಿದ ವರ್ಷದ್ದಲ್ಲ. ಅಣ್ಣನ ಮಕ್ಕಳು ನಿಸ್ಸೆನ್ ಆಗಲಿಲ್ಲ, ತಮ್ಮನ ಮಕ್ಕಳು ಹಾನ್ಸೆನ್ ಆದರು. ಅಣ್ಣನ ಹಿರಿಮಗ ‘ಯೆಪ್ ಯೆಪ್ಸೆನ್’ ಎಂಬ ಹೆಸರನ್ನು ಒಂಟಿಯಾಗಿ ನೋಡಿದವರು ಅವನನ್ನು ಯಾವುದೋ ಯೆಪ್‌ನ ಮಗನೆಂದೇ ತಿಳಿಯುತ್ತಾರೆ. ಅವನ ಅಪ್ಪ ನಿಸ್, ಹೆಸರು ಬಂದದ್ದು ಅಜ್ಜನಿಂದ.

ತಮ್ಮನ ಕಿರಿಮಗ ಆಂಡರ್ಸ್ ಹಾನ್ಸೆನ್‌ಗೆ 1832ರಲ್ಲಿ ಹುಟ್ಟಿದ ಮಗನನ್ನು ಪಾದ್ರಿ ‘ಹಾನ್ಸೆನ್’ ಎಂದೇ ಬರೆದ. ನಾಲ್ಕು ವರ್ಷ ಮುಂಚೆ ಬಂದಿದ್ದ ಆಜ್ಞೆಯಿಂದಾಗಿ ಆಂಡರ್ಸೆನ್ ಆಗಬೇಕಿದ್ದವನು ಹಾನ್ಸೆನ್ ಆಗಿ ಉಳಿದ. ಡಿಎನ್‌ಎ ಹೊಂದಿದ ಯುಟ್ಲೆಂಡಿನ ವ್ಯಕ್ತಿ ಅವನ ವಂಶಸ್ಥ. ಹಿರಿಮಗ ಯೆಪ್ ಹಾನ್ಸೆನ್‌ಗೆ 1824ರಲ್ಲಿ, ಆಜ್ಞೆಗೆ ಮುಂಚೆ, ಹುಟ್ಟಿದ ಮಗ ಹಳೆಯ ಪದ್ಧತಿಯಂತೆ ಹಾನ್ಸ್ ಯೆಪ್ಸೆನ್ ಆದ. ಅಂದರೆ ಅಕ್ಕಪಕ್ಕದ ಎರಡು ಪ್ಯಾರಿಷ್‌ಗಳಲ್ಲಿ ಒಂದೇ ರಕ್ತದ ಎರಡು ಯೆಪ್ಸೆನ್ ಮನೆಗಳಿದ್ದವು, ಅವೆರಡರ ‘ಯೆಪ್’ ಮಾತ್ರ ಬೇರೆ ಬೇರೆ: ಒಂದರಲ್ಲಿ 1788ರಲ್ಲಿ ತೀರಿದ ಅಜ್ಜ, ಇನ್ನೊಂದರಲ್ಲಿ ಅವನ ಹೆಸರಿಟ್ಟುಕೊಂಡ ಮೊಮ್ಮಗ.

ದಾಖಲೆ ಹೀಗೆ ನಿಂತ ಮೇಲೂ ಡಿಎನ್‌ಎ ಫಲಿತಾಂಶಕ್ಕೆ ಅದರ ಮಿತಿಗಿಂತ ಹೆಚ್ಚು ಬೆಲೆ ಕೊಡಲಿಲ್ಲ. 37ರಲ್ಲಿ 36 ಹೊಂದಿದರೆ ಗಂಡು ಸಂತತಿಯಲ್ಲಿ ಸಾಮಾನ್ಯ ಹಿರಿಯನಿದ್ದಾನೆ ಎನ್ನಬಹುದೇ ಹೊರತು ಎಷ್ಟನೇ ತಲೆಮಾರಿನವನು ಎಂದು ಹೇಳಲಾಗದು. ಅದನ್ನು ಹೇಳಿದ್ದು ಸ್ಕಿಫ್ಟೆ. ಆ ಕಾಗದ ಸಿಗದೆ ಹೋಗಿದ್ದರೆ ನಿಸ್, ಹಾನ್ಸ್ ಇಬ್ಬರೂ ಒಬ್ಬನೇ ಯೆಪ್‌ನ ಮಕ್ಕಳು ಎಂಬುದು ಸಾಧ್ಯತೆಯಾಗಿಯೇ ಉಳಿಯುತ್ತಿತ್ತು.

ವೃಕ್ಷದಲ್ಲಿ ಈಗ ಪ್ರತಿ ವ್ಯಕ್ತಿಯ ಮುಂದೆಯೂ ದಾಖಲೆಯಲ್ಲಿ ಕಂಡ ಹೆಸರನ್ನು ಕಂಡಂತೆಯೇ ಬರೆದು, ಯೆಪ್, ಯಾಕೋಬ್, ಯೆಬ್ಸೆನ್ ಮುಂತಾದ ರೂಪಾಂತರಗಳನ್ನು ಪರ್ಯಾಯ ಹೆಸರಿನ ಜಾಗದಲ್ಲಿ ಇಟ್ಟಿದೆ. ಎಲ್ಲರನ್ನೂ ‘ಯೆಪ್ಸೆನ್’ ಎಂದು ಸಮ ಮಾಡಿದ್ದರೆ ಹುಡುಕುವ ತಂತ್ರಾಂಶ ಮತ್ತೆ ಫ್ಯೂನಿನವರನ್ನೇ ತಂದು ಮುಂದಿಡುತ್ತಿತ್ತು. ಯೆಪ್ ಪೇಡರ್ಸೆನ್‌ನ ಅಪ್ಪ ಒಬ್ಬ ಪೇಡರ್ ಎಂಬುದಷ್ಟು ಖಚಿತ. ಆ ಪ್ಯಾರಿಷ್‌ನ ಉಳಿದಿರುವ ದೀಕ್ಷಾಸ್ನಾನದ ಪುಟಗಳು ಯೆಪ್ ಹುಟ್ಟಿದ ಮೇಲೆ ಶುರುವಾಗುವುದರಿಂದ ಸಾಲು ಅಲ್ಲಿಗೆ ನಿಂತಿದೆ. ಕುಟುಂಬಕ್ಕೆ ಉಳಿದಿರುವ ಕೆಲಸ ಬೇರೆ: ಫ್ಯೂನಿನ ಹಳೆಯ ವೃಕ್ಷವನ್ನು ಅವರು ಅಳಿಸಿದರೂ, ಅಷ್ಟರಲ್ಲಿ ಅದನ್ನು ನಕಲು ಮಾಡಿಕೊಂಡ ದೂರದ ನೆಂಟರಿಗೆಲ್ಲ ಒಬ್ಬೊಬ್ಬರಿಗೇ ಬರೆದು, 1900ರ ವಿಸ್ಕಾನ್ಸಿನ್ ಗಣತಿಯ ಪುಟ ಲಗತ್ತಿಸಿ ಕಳಿಸುತ್ತಿದ್ದಾರೆ. ಕೆಲವರು ತಿದ್ದಿಕೊಂಡಿದ್ದಾರೆ.